ಕೆರೆ ಕಳೆಗೆ ಹುಲ್ಲುಗೆಂಡೆ: ಐದಕ್ಕೆ ನಾಲ್ಕು

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ರೋಬಸ್ಟಾ ಕಾಫಿ ತೋಟಕ್ಕೆ ಬ್ಲಾಸಮ್ ನೀರು, ಅಂದರೆ ಹೂ ಅರಳಿಸುವ ನೀರು, ಹೊಡೆಯುವುದು ಮನೆ ಕೆಳಗಿನ ಕೆರೆಯಿಂದ. ಫೆಬ್ರವರಿಯಲ್ಲಿ ಮೋಟಾರ್ ಹಾಕಿದರೆ ನೀರೊಳಗೆ ಬೆಳೆಯುವ ಹೈಡ್ರಿಲ್ಲಾ ಕಳೆ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಸುತ್ತಿಕೊಂಡು ಸ್ಪ್ರಿಂಕ್ಲರ್ ನಿಂತೇ ಹೋಗುತ್ತಿತ್ತು. ಆಳು ಇಳಿಸಿ ಕೀಳಿಸಿದರೂ ಉಳಿದ ತುಂಡುಗಳೇ ಚಿಗುರುತ್ತವೆ, ವರ್ಷವರ್ಷವೂ ಕೂಲಿ. ದನ ಕುಡಿಯುವ ನೀರಿಗೆ ಔಷಧಿ ಹಾಕಲು ಮನಸ್ಸು ಬರಲಿಲ್ಲ. ಹಾಗಾಗಿ ಕುಶಾಲನಗರದ ಕಡೆಯ ಮೀನುಮರಿ ಮಾರುವವರೊಬ್ಬರಿಂದ ಕಳೆ ತಿನ್ನುವ ಮೀನು ಹುಲ್ಲುಗೆಂಡೆ, ಅಂದರೆ ಗ್ರಾಸ್ ಕಾರ್ಪ್, ತರಿಸಿದೆವು.

ಬೆರಳುದ್ದದ ಮರಿ ಅಗ್ಗ, ಗೇಣುದ್ದದ್ದು ದುಬಾರಿ. "ಕೆರೆಗೆ ನೀರುಕಾಗೆ ಬರ್ತದಾ ಅಕ್ಕಾ? ಬಂದ್ರೆ ದೊಡ್ಡದೇ ತಗೊಳ್ಳಿ, ಚಿಕ್ಕದೆಲ್ಲ ಅದರ ಹೊಟ್ಟೆಗೆ" ಎಂದು ಅವರೇ ಹೇಳಿದರು. ಮಾರುವವರಲ್ಲಿ ಇಷ್ಟು ನೇರ ಮಾತು ಅಪರೂಪ. ಆಕ್ಸಿಜನ್ ತುಂಬಿದ ಚೀಲದಲ್ಲಿ ಬೆಳಗಿನ ತಂಪಿಗೇ ತಂದುಕೊಟ್ಟು, ಚೀಲವನ್ನು ಸ್ವಲ್ಪ ಹೊತ್ತು ಕೆರೆಯಲ್ಲೇ ತೇಲಿಸಿಟ್ಟು ಬಿಟ್ಟರು. ಒಂದೂ ಸಾಯಲಿಲ್ಲ.

ಮಳೆ ಕಳೆದ ಮೇಲೆ ಬಿಟ್ಟದ್ದು. ಡಿಸೆಂಬರ್ ಚಳಿಗೆ ಇವು ಬಾಯೇ ತೆರೆಯುವುದಿಲ್ಲವೇನೋ ಅನ್ನಿಸಿತು. ನೀರು ತಣ್ಣಗಾದರೆ ತಿನ್ನುವುದು ತೀರಾ ಕಮ್ಮಿ. ಮಾರ್ಚ್ ಬಿಸಿಲು ಏರಿದ್ದೇ ತಡ, ಮೇಯಲು ಬಿಟ್ಟ ದನದ ಹಾಗೆ ಶುರು ಹಚ್ಚಿಕೊಂಡವು. ಮೊದಲು ಹೈಡ್ರಿಲ್ಲಾ, ಆಮೇಲೆ ನೀರ ಮೇಲಿನ ಚಿಕ್ಕ ತೇಲುಸೊಪ್ಪು, ಕೊನೆಗೆ ಏರಿಯಿಂದ ನೀರಿಗೆ ಬಾಗಿದ ಹುಲ್ಲು. ಮುಂದಿನ ಫೆಬ್ರವರಿಯಲ್ಲಿ ಫುಟ್‌ವಾಲ್ವ್ ಬಿಚ್ಚುವ ಕೆಲಸವೇ ಬರಲಿಲ್ಲ. ನೇರಳೆ ಹೂವಿನ ಅಂತರಗಂಗೆಯನ್ನು ಮಾತ್ರ ಮೂಸಿಯೂ ನೋಡಲಿಲ್ಲ. ನಿಮ್ಮ ಕೆರೆಯಲ್ಲಿ ಅದೇ ತುಂಬಿದ್ದರೆ ಈ ಮೀನು ತರಬೇಡಿ, ಕೈಯಲ್ಲೇ ಎಳೆದು ಹಾಕಬೇಕು.

ಒಂದು ಅಂಕ ಕಳೆದದ್ದು ನೀರಿನ ಬಣ್ಣಕ್ಕೆ. ತಿಂದದ್ದರಲ್ಲಿ ಸುಮಾರು ಅರ್ಧ ಅರಗದೆ ಹೊರಗೆ ಬಂದು ಗೊಬ್ಬರವಾಗುತ್ತದೆ, ತಿಳಿಯಾಗಿದ್ದ ನೀರು ಹಸಿರಾಗಿದೆ. ಕಾಟ್ಲಾ ಮೀನು ಸಾಕುವವರಿಗೆ ಅದೇ ಲಾಭ, ಅಂಥ ನೀರಿನ ಸೂಕ್ಷ್ಮಜೀವಿಗಳೇ ಅದಕ್ಕೆ ಮೇವು. ನನಗೆ ಕಣ್ಣಿಗೆ ಹಿಡಿಸಲಿಲ್ಲ. ಕಳೆ ಮುಗಿದ ಮೇಲೆ ಹೊಟ್ಟೆ ಕೇಳುತ್ತದೆ, ದಿನಾ ಒಂದಿಷ್ಟು ನೇಪಿಯರ್ ಹುಲ್ಲು ಕತ್ತರಿಸಿ ಹಾಕುತ್ತಿದ್ದೇವೆ.

ಕೋಡಿಗೆ ಜಾಲರಿ ಕಟ್ಟದೆ ಮರಿ ಬಿಡಲೇಬೇಡಿ. ಜುಲೈಯಲ್ಲಿ ನಮ್ಮಲ್ಲಿ ಕೆರೆ ತುಂಬಿ ಹರಿಯುತ್ತದೆ, ಹೊರದೇಶದ ಮೀನು ತೋಡಿಗಿಳಿದು ಹಾರಂಗಿ ಹೊಳೆ ಸೇರುವುದು ಯಾರಿಗೂ ಒಳ್ಳೆಯದಲ್ಲ. 1959ರಲ್ಲಿ ಹಾಂಗ್‌ಕಾಂಗ್‌ನಿಂದ ಭಾರತಕ್ಕೆ ತಂದದ್ದು ಇದನ್ನು. ನಿಂತ ನೀರಲ್ಲಿ ಮರಿ ಮಾಡುವುದಿಲ್ಲ; ಹಾರ್ಮೋನ್ ಇಂಜೆಕ್ಷನ್ ಕೊಟ್ಟೇ ಮರಿ ಮಾಡಿಸುತ್ತಾರೆ. ಆದ್ದರಿಂದ ಹಿಡಿದು ತಿಂದಷ್ಟೂ ಹೊಸದು ಕೊಳ್ಳಬೇಕು. ನಾವು ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಹಾಕಿ ಸಾರು ಮಾಡಿದೆವು. ರುಚಿ ಪರವಾಗಿಲ್ಲ, ಮುಳ್ಳು ವಿಪರೀತ, ಮಕ್ಕಳಿಗೆ ಬಿಡಿಸಿಯೇ ಕೊಡಿ.