1966ರ ಮಸ್ಟ್ಯಾಂಗ್‌ಗೆ ಯಾವ ಬ್ರೇಕ್: ಹಳೆಯ ಡ್ರಮ್ಮೋ, ಡಿಸ್ಕೋ?

ಡೆಟ್ರಾಯಿಟ್ ಸಮೀಪದ ನಮ್ಮ ಮನೆಯ ಗ್ಯಾರೇಜಿನಲ್ಲಿ ಕೆಲವು ವರ್ಷಗಳಿಂದ 1966ರ ಫೋರ್ಡ್ ಮಸ್ಟ್ಯಾಂಗ್ ಒಂದನ್ನು ಮೊದಲಿನ ಸ್ಥಿತಿಗೆ ತರುವ ಕೆಲಸದಲ್ಲಿದ್ದೇನೆ. 289 ಘನ ಅಂಗುಲದ, ಅಂದರೆ ಸುಮಾರು 4.7 ಲೀಟರಿನ ವಿ8 ಎಂಜಿನ್ ಹೊತ್ತ ಈ ಕಾರಿಗೆ ಕಾರ್ಖಾನೆಯಿಂದ ಬಂದದ್ದು ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಅಂದರೆ ಚಕ್ರದೊಂದಿಗೆ ತಿರುಗುವ ಡಬ್ಬಿಯ ಒಳಮೈಗೆ ಶೂ ಎಂಬ ಬಾಗಿದ ಪಟ್ಟಿಗಳು ಒತ್ತಿ ನಿಲ್ಲಿಸುವ ಬಗೆ. ಮುಂಚಕ್ರಗಳಿಗೆ ಡಿಸ್ಕ್, ಅಂದರೆ ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಹಿಡಿದು ನಿಲ್ಲಿಸುವ ಬ್ರೇಕ್, ಬೇಕೆಂದವರು ಆಗ ಹೆಚ್ಚಿನ ಹಣ ತೆರಬೇಕಾಗಿತ್ತು. ಎರಡನ್ನೂ ಇದೇ ಕಾರಿನಲ್ಲಿ ಒಂದೊಂದು ಬೇಸಿಗೆ ಓಡಿಸಿ ನೋಡಿದ್ದೇನೆ.

ಮೊದಲ ಬೇಸಿಗೆಯಲ್ಲಿ ಡ್ರಮ್‌ಗಳನ್ನು ಲೇತ್‌ಗೆ ಹಾಕಿಸಿ, ಹೊಸ ಶೂ ಮತ್ತು ಸ್ಪ್ರಿಂಗ್ ಕೂರಿಸಿದೆ. ತಿರುಗುವ ಡ್ರಮ್ಮೇ ಶೂವನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಇಲ್ಲದಿದ್ದರೂ ಪೆಡಲ್ ಹಗುರವಾಗಿತ್ತು, ಒಣ ರಸ್ತೆಯಲ್ಲಿ ದೂರುವಂತಹದ್ದೇನೂ ಇರಲಿಲ್ಲ. ಆದರೆ ಆಗಸ್ಟ್ ತಿಂಗಳಲ್ಲಿ ವುಡ್‌ವರ್ಡ್ ಅವೆನ್ಯೂದ ಹಳೆಯ ಕಾರುಗಳ ಮೆರವಣಿಗೆಯಲ್ಲಿ ನಿಂತು, ಹೊರಟು, ಮತ್ತೆ ನಿಲ್ಲುವಾಗ ಡ್ರಮ್ ಕಾದು ಹಿಗ್ಗಿ, ಪೆಡಲ್ ಪ್ರತಿ ಸಲವೂ ಇನ್ನಷ್ಟು ಆಳಕ್ಕೆ ಇಳಿಯುತ್ತಿತ್ತು. ಮಳೆ ಬಂದರಂತೂ ಕಾರು ಎಡಕ್ಕೆ ಎಳೆಯುತ್ತಿತ್ತು.

ಹಳೆಯ ವ್ಯವಸ್ಥೆ ಬಿಟ್ಟು ಡಿಸ್ಕ್‌ಗೆ ಹೋಗುವ ನನ್ನ ತೀರ್ಮಾನಕ್ಕೆ ನಿಜವಾದ ಕಾರಣ, ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್. 1966ರ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಕೋಣೆಯಿಂದ ಎಣ್ಣೆ ಹೋಗುತ್ತದೆ. ಮುಂದಕ್ಕೊಂದು, ಹಿಂದಕ್ಕೊಂದು ಎಂದು ಅದನ್ನು ಬೇರ್ಪಡಿಸಿದ್ದು 1967ರ ಮಾದರಿಯಲ್ಲಿ. ಒಂದು ಬೆಳಿಗ್ಗೆ ಹೊರಡುವ ಮುನ್ನ ಪೆಡಲ್ ಒತ್ತಿದರೆ ಅದು ತಡೆಯೇ ಇಲ್ಲದೆ ತಳಕ್ಕೆ ಹೋಯಿತು. ಬಗ್ಗಿ ನೋಡಿದಾಗ ಹಿಂದಿನ ಎಡಚಕ್ರದ ಒಳಮೈಯಿಂದ ಬ್ರೇಕ್ ಎಣ್ಣೆ ಸಣ್ಣ ಗೆರೆಯಾಗಿ ಇಳಿಯುತ್ತಿತ್ತು. ಬೆರಳುಗಾತ್ರದ ರಬ್ಬರ್ ಸೀಲ್ ಒಂದು ಹರಿದಿತ್ತು, ಅಷ್ಟೇ. ಡ್ರಮ್ ಉಳಿಸಿಕೊಳ್ಳುವವರೂ ಎರಡು ಕೋಣೆಯ ಸಿಲಿಂಡರನ್ನು ಹಾಕಿಸಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮುಂಚಕ್ರಗಳಿಗೆ ಡಿಸ್ಕ್ ಹಾಕಿದ ಮೇಲೆ ಕಾಲಿಗೆ ಬಲ ಹೆಚ್ಚು ಬೇಕಾಯಿತು, ಆದರೆ ಹತ್ತನೆಯ ಬ್ರೇಕೂ ಮೊದಲನೆಯದರಂತೆಯೇ ಹಿಡಿಯಿತು. ಹಿಂದಿನ ಡ್ರಮ್‌ಗೆ ಹೋಗುವ ಒತ್ತಡವನ್ನು ತಗ್ಗಿಸುವ ವಾಲ್ವ್ ಇಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಹಿಂಚಕ್ರಗಳು ಮೊದಲು ಕಚ್ಚಿಕೊಂಡು ಕಾರಿನ ಹಿಂಭಾಗ ಜಾರುತ್ತದೆ. ಖಾಲಿ ಬಯಲೊಂದರಲ್ಲಿ ಆ ವಾಲ್ವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಹೊಂದಿಸಲು ಒಂದು ಮಧ್ಯಾಹ್ನ ಹಿಡಿಯಿತು. ಡಿಸ್ಕನ್ನು ಹಿಡಿಯುವ ಕೆಲವು ಕ್ಯಾಲಿಪರ್‌ಗಳು 14 ಅಂಗುಲದ ಹಳೆಯ ಚಕ್ರದೊಳಗೆ ಕೂರುವುದಿಲ್ಲವಾದ್ದರಿಂದ, ರಟ್ಟಿನಲ್ಲಿ ಅಚ್ಚು ಕತ್ತರಿಸಿ ಅಳೆದ ನಂತರವೇ ಕೊಳ್ಳುವುದು ಒಳ್ಳೆಯದು.

ಇಂಥದೇ ಹಳತು-ಹೊಸತರ ಆಯ್ಕೆ ಇಗ್ನಿಷನ್, ಅಂದರೆ ಎಂಜಿನ್‌ಗೆ ಕಿಡಿ ಕೊಡುವ ವ್ಯವಸ್ಥೆಯಲ್ಲೂ ಇದೆ; ಆ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳಲಾರೆ. ಎಲೆಕ್ಟ್ರಾನಿಕ್ ಮಾಡ್ಯೂಲ್‌ನಿಂದ ಚಳಿಗಾಲದಲ್ಲಿ ಎಂಜಿನ್ ಬೇಗ ಹತ್ತಿಕೊಳ್ಳುತ್ತದೆ, ಆದರೆ ಎಂಜಿನ್ ನಿಂತಾಗ ಕೀಲಿ ಆನ್ ಆಗಿಯೇ ಉಳಿದು ನನ್ನ ಮೊದಲ ಮಾಡ್ಯೂಲ್ ಸುಟ್ಟಿತು. ಹಾಗಾಗಿ ಮಾಡ್ಯೂಲ್ ಬರುವ ಮುಂಚೆ ಕಿಡಿಯನ್ನು ನಿಯಂತ್ರಿಸುತ್ತಿದ್ದ ಹಳೆಯ ಪಾಯಿಂಟ್ಸ್ ಮತ್ತು ಕಂಡೆನ್ಸರ್, ಜೊತೆಗೆ ಪಾಯಿಂಟ್ಸ್‌ನ 0.017 ಅಂಗುಲದ ಅಂತರ ಅಳೆಯುವ ಫೀಲರ್ ಗೇಜ್ ಈಗಲೂ ಗ್ಲೋವ್ ಬಾಕ್ಸ್‌ನಲ್ಲಿವೆ.