ಎರಡೂವರೆ ವರ್ಷ ಬಳಸಿದ ಕೋಳಿ ಗೂಡು: ಕಬ್ಬಿಣ ಗಟ್ಟಿ, ಮಲಗುವ ಜಾಗ ತಪ್ಪು

ಕಲಬುರಗಿಯ ನಮ್ಮ ಹಿತ್ತಲಿಗೆ ಈ ಗೂಡು ಬಂದು ಎರಡೂವರೆ ವರ್ಷ ಆಯ್ತು. ವೆಲ್ಡಿಂಗ್ ಅಂಗಡಿಯಲ್ಲಿ ರೆಡಿ ಇದ್ದ ಮಾಲು. 6 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಎತ್ತರ. ಸುತ್ತ ಜಾಲಿ, ಮೇಲೆ ತಗಡು, ತತ್ತಿ ಇಡೋಕೆ ಮೂರು ಡಬ್ಬಿ, ಮಲಗೋಕೆ ಒಂದು ಕಬ್ಬಿಣದ ಪೈಪು. 14,500 ರೂಪಾಯಿ ಕೊಟ್ಟೆ. "12 ಕೋಳಿ ಆರಾಮ ಇರ್ತಾವ್ರಿ" ಅಂದಿದ್ದರು.

ಫ್ರೇಮಿನ ಬಗ್ಗೆ ದೂರಿಲ್ಲ. ಮಳೆಗಾಲ ಕಳೆದರೂ ಬೆಸುಗೆ ಬಿಟ್ಟಿಲ್ಲ, ಬಾಗಿಲು ಇವತ್ತಿಗೂ ಸಲೀಸಾಗಿ ಹಾಕುತ್ತದೆ. ತೊಂದರೆ ಶುರುವಾಗಿದ್ದು ಸಂಜೆ ಹೊತ್ತಿಗೆ.

ಮೊದಲ ವಾರದಿಂದಲೇ ಕೋಳಿಗಳು ಪೈಪನ್ನು ಮುಟ್ಟಲಿಲ್ಲ. ಕತ್ತಲಾದರೆ ಎಲ್ಲಾ ತತ್ತಿ ಡಬ್ಬಿಗೆ ನುಗ್ಗುತ್ತಿದ್ದವು. ಒಂದೊಂದು ಡಬ್ಬಿಯಲ್ಲಿ ಮೂರು ನಾಲ್ಕು, ಒಂದರ ಮೇಲೊಂದು. ಕೋಳಿ ರಾತ್ರಿಯಿಡೀ ಹಿಕ್ಕೆ ಹಾಕುತ್ತಲೇ ಇರುತ್ತದೆ. ಬೆಳಿಗ್ಗೆ ಅದರಲ್ಲೇ ತತ್ತಿ. ನಾನು ದಿನಾ ತೊಳೆಯುತ್ತಿದ್ದೆ. ತೊಳೆದರೆ ಸಿಪ್ಪೆ ಮೇಲಿನ ತೆಳು ಪೊರೆ ಹೋಗಿ ತತ್ತಿ ಬೇಗ ಕೆಡುತ್ತದೆ ಅಂತ ಆಮೇಲೆ ಗೊತ್ತಾಯ್ತು.

ಕಾರಣ ಹೇಳಿದ್ದು ನಮ್ಮ ಅತ್ತೆ. ಒಂದು ಸಂಜೆ ಬಂದು ನಿಂತು ನೋಡಿದರು. "ಕೋಳಿ ಮ್ಯಾಲ ಕುಂತು ಮಲಗತಾವವ್ವಾ. ನೀ ಕೆಳಗ ಯಾಕ ಕುಂಡರಸ್ತಿ?" ಅಂದರು. ಟೇಪು ಹಿಡಿದು ಅಳೆದೆ. ಪೈಪು ನೆಲದಿಂದ 15 ಇಂಚು. ಡಬ್ಬಿಗಳು 24 ಇಂಚು. ಕೋಳಿಯ ಮೂಲ ಕಾಡುಕೋಳಿ, ಅದು ಮರ ಹತ್ತಿ ಮಲಗುವ ಜಾತಿ. ಕತ್ತಲಾಗುವಾಗ ಗೂಡಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಯಾವುದೋ ಅಲ್ಲಿಗೇ ಹೋಗುತ್ತದೆ. ನಮ್ಮ ಗೂಡಿನಲ್ಲಿ ಆ ಜಾಗ ತತ್ತಿ ಡಬ್ಬಿ. ತಪ್ಪು ಕೋಳಿಯದಲ್ಲ, ಗೂಡು ಮಾಡಿದವರದು.

ಡಬ್ಬಿಗಳನ್ನು ಬಿಚ್ಚಿಸಿ ನೆಲದಿಂದ 10 ಇಂಚಿಗೆ ಇಳಿಸಿದೆ. ಪೈಪು ತೆಗೆಸಿ 30 ಇಂಚು ಎತ್ತರಕ್ಕೆ ಬೇವಿನ ಅಡ್ಡಕಟ್ಟಿಗೆ ಹಾಕಿಸಿದೆ. 2 ಇಂಚು ಅಗಲ, ಮೂಲೆಗಳನ್ನು ಉಜ್ಜಿ ದುಂಡು ಮಾಡಿದ್ದು. ಕಟ್ಟಿಗೆ ಅಗಲ ಇದ್ದರೆ ಕೋಳಿ ಅದರ ಮೇಲೆ ಕೂತು ಹೊಟ್ಟೆಯ ಪುಕ್ಕದಿಂದ ಬೆರಳು ಮುಚ್ಚಿಕೊಳ್ಳುತ್ತದೆ. ಡಿಸೆಂಬರಿನ ಚಳಿಗೆ ಕಬ್ಬಿಣದ ಪೈಪು ಕೈಗೇ ಕೊರೆಯುತ್ತದೆ, ಕಾಲಿಗೆ ಹೇಗಿರಬೇಡ?

ಆ 12 ಕೋಳಿಯ ಲೆಕ್ಕವೂ ಸರಿಯಿಲ್ಲ. ಒಂದು ಕೋಳಿ ಮಲಗೋಕೆ 8ರಿಂದ 10 ಇಂಚು ಬೇಕು. 6 ಅಡಿ ಅಂದರೆ 72 ಇಂಚು. ಎಂಟು ಕೋಳಿಗೆ ಭರ್ತಿ. ಜಾಗ ಸಿಗದ ಬಡಪಾಯಿಗಳು ಮತ್ತೆ ಡಬ್ಬಿಗೇ ಹೋಗುತ್ತವೆ. ಅದಕ್ಕೆ ಎರಡನೇ ಅಡ್ಡಕಟ್ಟಿಗೆ ಹಾಕಿಸಿದೆ, ಒಂದೇ ಎತ್ತರದಲ್ಲಿ. ಮೇಲೆ ಕೆಳಗೆ ಹಾಕಿದರೆ ಮೇಲಿನದಕ್ಕೆ ಕಿತ್ತಾಟ, ಕೆಳಗಿನವುಗಳ ಬೆನ್ನ ಮೇಲೆ ಹಿಕ್ಕೆ. ನಮ್ಮಲ್ಲಿ ಮೂರು ಗಿರಿರಾಜ ಇವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಆ ತಳಿ ಭಾರ ಜಾಸ್ತಿ, ಜವಾರಿ ಕೋಳಿ ಹಾಗೆ ಹಾರಲ್ಲ. ಅವುಗಳಿಗೆ ಒಂದು ಹಲಗೆಗೆ ಪಟ್ಟಿ ಹೊಡೆದು ಏಣಿ ಮಾಡಿ ಇಟ್ಟೆ.

ಇಷ್ಟು ಮಾಡಿದರೂ ಅಭ್ಯಾಸ ಬಿಡಲಿಲ್ಲ. ಮಧ್ಯಾಹ್ನದೊಳಗೆ ಹೆಚ್ಚಿನವು ತತ್ತಿ ಇಟ್ಟು ಮುಗಿಸುತ್ತವೆ, ಹಾಗಾಗಿ ಸಂಜೆ ಐದಕ್ಕೆ ಡಬ್ಬಿಗಳ ಬಾಯಿಗೆ ಹಲಗೆ ಮುಚ್ಚುತ್ತಿದ್ದೆ, ನಸುಕಿನಲ್ಲಿ ತೆಗೆಯುತ್ತಿದ್ದೆ. ಕತ್ತಲಾದ ಮೇಲೆ ನೆಲದಲ್ಲಿ ಮುದುಡಿ ಕೂತವನ್ನು ಒಂದೊಂದಾಗಿ ಎತ್ತಿ ಕಟ್ಟಿಗೆ ಮೇಲೆ ಕೂರಿಸುತ್ತಿದ್ದೆ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣಲ್ಲ, ಗಲಾಟೆ ಮಾಡಲ್ಲ. ಎದೆ ಕೆಳಗೆ ಕೈ ಇಟ್ಟರೆ ಬೆಚ್ಚಗೆ, ಗುಂಡಿಗೆ ಪಟಪಟ. ಕಾಲು ಕಟ್ಟಿಗೆಗೆ ತಾಗಿದ ಕೂಡಲೇ ಬೆರಳು ತಾನಾಗಿ ಸುತ್ತಿಕೊಳ್ಳುತ್ತದೆ. ಸಣ್ಣಗೆ ಒಂದು ಗುರುಗುರು, ಅಷ್ಟೇ. ಹತ್ತು ರಾತ್ರಿ ಹಿಡಿಯಿತು. ಹನ್ನೊಂದನೇ ರಾತ್ರಿ ಹೋದಾಗ ಎಲ್ಲವೂ ಮೇಲೇ ಸಾಲಾಗಿ ಕೂತಿದ್ದವು. ನಾನು ಟಾರ್ಚ್ ಆರಿಸಿ ಸುಮ್ನೆ ಅಲ್ಲೇ ನಿಂತೆ.

ಒಂದು ಕೋಳಿ ಮಾತ್ರ ನನ್ನ ತಪ್ಪಿನಿಂದ ಹೋಯ್ತು. ಅಡ್ಡಕಟ್ಟಿಗೆಯನ್ನು ಜಾಲಿಗೆ ತೀರಾ ಹತ್ತಿರ ಹಾಕಿಸಿದ್ದೆ. ಅಂಗಡಿಯವರ ಜಾಲಿ 2 ಇಂಚಿನ ಕಣ್ಣಿನದು. ಬೆಕ್ಕು ಹೊರಗಿನಿಂದಲೇ ಪಂಜಾ ಹಾಕಿತು. ಈಗ ಅರ್ಧ ಇಂಚಿನ ಜಾಲಿ ಹೊಡೆಸಿದ್ದೇನೆ, ಕಟ್ಟಿಗೆಯನ್ನು ಒಂದಡಿ ಒಳಗೆ ಸರಿಸಿದ್ದೇನೆ. ಆ ಹ್ಯಾಟೆ ನೆನಪಾದರೆ ಈಗಲೂ ಬೇಜಾರು.

ಕಳೆದ ವರ್ಷ ಮತ್ತೆ ಡಬ್ಬಿಗೆ ಹೋಗೋಕೆ ಶುರು ಮಾಡಿದವು. ರಾತ್ರಿ ಬಿಳಿ ಬಟ್ಟೆಯಿಂದ ಕಟ್ಟಿಗೆಯ ಅಡಿಭಾಗ ಒರೆಸಿದೆ. ಬಟ್ಟೆ ಮೇಲೆ ರಕ್ತದ ಗೀರು. ನುಸಿ. ಹಗಲು ಸಂದಿಯಲ್ಲಿ ಅಡಗಿ, ರಾತ್ರಿ ಬಂದು ರಕ್ತ ಹೀರುತ್ತದೆ. ಕಟ್ಟಿಗೆಗಳನ್ನು ಕೊಕ್ಕೆ ಮೇಲೆ ಕೂರುವ ಹಾಗೆ ಮಾಡಿಸಿದ್ದು ಒಳ್ಳೇದಾಯ್ತು. ಹೊರಗೆ ತೆಗೆದು ಕುದಿಯುವ ನೀರು ಹೊಯ್ದು, ಬಿಸಿಲಿಗೆ ಒಣಗಿಸಿ, ಬೇವಿನ ಎಣ್ಣೆ ಹಚ್ಚಿದೆ. ಈಗ ಹದಿನೈದು ದಿನಕ್ಕೊಮ್ಮೆ ಇದೇ ಕೆಲಸ. ಕೆಳಗೆ ಶಹಾಬಾದ್ ಕಲ್ಲಿನ ಪರ್ಸಿ ಹಾಸಿದ್ದೇನೆ. ಬೆಳಿಗ್ಗೆ ಕರಣೆಯಿಂದ ಕೆರೆದರೆ ಎರಡು ನಿಮಿಷದಲ್ಲಿ ಸ್ವಚ್ಛ.

ತಗಡಿನ ಮಾಳಿಗೆ ನಮ್ಮ ಊರಿಗೆ ಆಗಲ್ಲ. ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ, ಸಂಜೆ ಏಳಾದರೂ ತಗಡು ಕಾದೇ ಇರುತ್ತದೆ. ಕೋಳಿಗೆ ಬೆವರು ಬರಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಮೊದಲ ಬೇಸಿಗೆ ಅವು ಗೂಡಿಗೇ ಬರಲಿಲ್ಲ, ಬೇವಿನ ಮರ ಹತ್ತಿದವು. ಗೂಡನ್ನೇ ಮರದ ಕೆಳಗೆ ಸರಿಸಿ, ತಗಡಿನ ಮೇಲೆ ಜೋಳದ ಕಣಿಕೆ ದಪ್ಪಗೆ ಹೊದಿಸಿ, ಮಧ್ಯಾಹ್ನ ನೀರು ಚಿಮುಕಿಸಿದ ಮೇಲೆ ಬಂದವು.

ಬದಲಾವಣೆಗೆ ಇನ್ನೂ 3,200 ರೂಪಾಯಿ ಖರ್ಚಾಯ್ತು. ಇದೇ ಗೂಡು ಮತ್ತೆ ಕೊಳ್ಳುತ್ತೀರಾ ಅಂದರೆ, ಹೂಂ, ಆದರೆ ಒಳಗಿನ ಪೈಪು, ಡಬ್ಬಿ ಬೇಡ ಅಂತ ಹೇಳಿ ಖಾಲಿ ಫ್ರೇಮ್ ಮಾತ್ರ. ಅಂಗಡಿಗೆ ಹೋಗುವಾಗ ಟೇಪು ಒಯ್ಯಿರಿ. ಮಲಗುವ ಕಟ್ಟಿಗೆ ಡಬ್ಬಿಗಿಂತ ಒಂದಡಿಯಾದರೂ ಮೇಲಿದೆಯಾ ಅಂತ ನೋಡಿ, ಆಮೇಲೆ ದುಡ್ಡು ಕೊಡಿ.