ಕ್ಷಮೆ ಕೇಳಿಕೊಂಡು ಸಾಯುವ ಫೈಲ್‌ಸಿಸ್ಟಮ್: ಓಸಿಎಫ್‌ಎಸ್2 ಜೊತೆ ಹದಿನಾಲ್ಕು ತಿಂಗಳು

ನಡುರಾತ್ರಿ ಎದ್ದು ಕೂತು ವರ್ಚುವಲ್ ಮಷಿನ್ನಿನ (ನಿಜ ಯಂತ್ರದೊಳಗೆ ಸಾಫ್ಟ್‌ವೇರಾಗಿ ಓಡುವ ಯಂತ್ರದ) ಸೀರಿಯಲ್ ಕನ್ಸೋಲ್ ತೆರೆದವನಿಗೆ ಕೊನೆಯ ಸಾಲು ಓದಿ ನಗು ಬಂತು. ಈ ಯಂತ್ರವನ್ನು ಮರುಚಾಲನೆ ಮಾಡಿ ಬೇಲಿಯ ಆಚೆ ಹಾಕುತ್ತಿರುವುದಕ್ಕೆ ಓಸಿಎಫ್‌ಎಸ್2 ತುಂಬ ವಿಷಾದಿಸುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದಿಟ್ಟು, ಆ ಮಷಿನ್ ಸತ್ತಿತ್ತು. ಓಸಿಎಫ್‌ಎಸ್2 ಎಂದರೆ ಹಲವು ಯಂತ್ರಗಳು ಒಂದೇ ಡಿಸ್ಕನ್ನು ಒಟ್ಟಿಗೆ ಬಳಸಲು ಬಿಡುವ ಫೈಲ್‌ಸಿಸ್ಟಮ್; ಬೇಲಿಯ ಆಚೆ ಹಾಕುವುದೆಂದರೆ ನಂಬಲಾಗದ ಯಂತ್ರ ಆ ಡಿಸ್ಕನ್ನು ಮುಟ್ಟದಂತೆ ಮಾಡುವುದು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಆ ವಾಕ್ಯ ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಮೂಲ ಕೋಡ್‌ನಲ್ಲೇ ಇದೆ. ಹದಿನಾಲ್ಕು ತಿಂಗಳಲ್ಲಿ ಆ ಸಾಲನ್ನು ನಾಲ್ಕು ಸಲ ಓದಿದ್ದೇನೆ. ನಾಲ್ಕು ಸಲವೂ ಒಂದು ಫೈಲ್ ಕೂಡ ಕೆಟ್ಟಿರಲಿಲ್ಲ. ಆದರೆ ನಾಲ್ಕನೆಯ ಸಲ ಅದರ ಶ್ರೇಯಸ್ಸು ಓಸಿಎಫ್‌ಎಸ್2ಗೆ ಸಲ್ಲುವುದಿಲ್ಲ. ಈ ವಿಮರ್ಶೆ ಬರೆಯಲು ಕೂತದ್ದೇ ಆ ನಾಲ್ಕನೆಯ ಸಲದಿಂದಾಗಿ.

ಮೊದಲು ಹಳೆಯ ಪಾಪವನ್ನು ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಚುವಲ್ ಮಷಿನ್‌ಗಳಿಗೆ ಒಂದೇ ವರ್ಚುವಲ್ ಡಿಸ್ಕ್ ಜೋಡಿಸಿ, ಅದರ ಮೇಲೆ ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಮ್ ಎಕ್ಸ್‌ಟಿ4 ಹಾಕಿ, ಎರಡೂ ಕಡೆ ಮೌಂಟ್ ಮಾಡಿದ್ದೆ, ಅಂದರೆ ಬಳಕೆಗೆ ತೆರೆದಿದ್ದೆ. ಒಂದು ಬರೆಯುತ್ತದೆ, ಇನ್ನೊಂದು ಓದುತ್ತದೆ, ಅದರಲ್ಲೇನಿದೆ ಎಂಬ ಧೈರ್ಯ. ಮೊದಲ ದಿನ, ಇಲ್ಲಿ ಬರೆದ ಫೈಲ್ ಅಲ್ಲಿ ಕಾಣಿಸಲಿಲ್ಲ. ಮತ್ತೆ ಮೌಂಟ್ ಮಾಡಿದರೆ ಕಾಣಿಸಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಬದಲಿಗೆ ಹತ್ತು ನಿಮಿಷಕ್ಕೊಮ್ಮೆ ಮರುಮೌಂಟ್ ಮಾಡುವ ಸ್ಕ್ರಿಪ್ಟ್ ಬರೆದೆ! ಓದುವ ಕಡೆಯವರಿಗೂ ಒಂದು ದಿನ ಬರೆಯುವ ಅಗತ್ಯ ಬಿತ್ತು. ಮೂರನೆಯ ವಾರ ಒಂದು ಪಿಡಿಎಫ್ ತೆರೆದರೆ ಅದರ ಹೊಟ್ಟೆಯಲ್ಲಿ ಬೇರೆ ಯಾವುದೋ ಫೈಲಿನ ಲಾಗ್ ಸಾಲುಗಳಿದ್ದವು. ಫೈಲ್‌ಸಿಸ್ಟಮ್ ಪರೀಕ್ಷಿಸಿ ದುರಸ್ತಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿದ ಮೇಲೆ ಲಾಸ್ಟ್+ಫೌಂಡ್ ಡೈರೆಕ್ಟರಿ ತುಂಬ ಹೆಸರಿಲ್ಲದ, ಬರೀ ಸಂಖ್ಯೆ ಹೊತ್ತ ಅನಾಥ ಫೈಲುಗಳು.

ಆದದ್ದು ಇಷ್ಟೇ. ಎಕ್ಸ್‌ಟಿ4 ಆಗಲಿ ಎಕ್ಸ್‌ಎಫ್‌ಎಸ್ ಆಗಲಿ, ಡಿಸ್ಕಿಗೆ ತಾನೊಬ್ಬನೇ ಯಜಮಾನ ಎಂದು ನಂಬಿ ಕೆಲಸ ಮಾಡುತ್ತದೆ. ಯಾವ ಬ್ಲಾಕ್ ಖಾಲಿ, ಯಾವುದು ಭರ್ತಿ ಎಂಬ ಲೆಕ್ಕವನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಎರಡು ಕರ್ನಲ್‌ಗಳು ತಮ್ಮ ತಮ್ಮ ಹಳೆಯ ಲೆಕ್ಕ ನೋಡಿ ಒಂದೇ ಖಾಲಿ ಬ್ಲಾಕನ್ನು ಇಬ್ಬರಿಗೆ ಹಂಚುತ್ತವೆ. ಒಂದು ಒರೆಗೆ ಎರಡು ಕತ್ತಿ. ಓದಲು ಮಾತ್ರ ಮೌಂಟ್ ಮಾಡಿದರೆ ತೊಂದರೆಯಿಲ್ಲ ಎಂಬುದೂ ಭ್ರಮೆಯೇ: ಜರ್ನಲ್‌ನಲ್ಲಿ, ಅಂದರೆ ಮಾಡಲಿರುವ ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆಯಲ್ಲಿ, ಬಾಕಿ ಇದ್ದರೆ ಎಕ್ಸ್‌ಟಿ4 ಓದುವ ಮೌಂಟಿನಲ್ಲೂ ಅದನ್ನು ಡಿಸ್ಕಿಗೆ ಇಳಿಸುತ್ತದೆ. ಇನ್ನೊಂದು ಯಂತ್ರ ಅದೇ ಜರ್ನಲ್ ಬಳಸುತ್ತಿರುವಾಗ! ಎರಡನೆಯ ಮೌಂಟನ್ನೇ ತಡೆಯುವ ಎಂಎಂಪಿ ಎಂಬ ಸೌಲಭ್ಯ ಎಕ್ಸ್‌ಟಿ4ನಲ್ಲಿ ಇದೆ ಎಂದು ತಿಳಿದದ್ದು ಕೋಟೆ ಸೂರೆ ಹೋದ ಮೇಲೆ.

ಓಸಿಎಫ್‌ಎಸ್2 ಒರಾಕಲ್ ಕಂಪನಿಯಲ್ಲಿ ಹುಟ್ಟಿ 2006ರಲ್ಲಿ ಲಿನಕ್ಸ್ 2.6.16ರ ಜೊತೆ ಕರ್ನಲ್ ಸೇರಿತು. ಅದೇ ವರ್ಷ ಇದೇ ಕೆಲಸ ಮಾಡುವ ಜಿಎಫ್‌ಎಸ್2 ಕೂಡ ಬಂತು. ನಾನು ಮೊದಲನೆಯದನ್ನು ಆರಿಸಿಕೊಂಡದ್ದಕ್ಕೆ ಘನವಾದ ಕಾರಣವೇನಿಲ್ಲ, ಸೋಮಾರಿತನ. ಜಿಎಫ್‌ಎಸ್2 ಬೇಕೆಂದರೆ ಯಂತ್ರಗಳ ಗುಂಪನ್ನು ನಿಭಾಯಿಸುವ ಕೊರೊಸಿಂಕ್, ಪೇಸ್‌ಮೇಕರ್ ಎಲ್ಲವನ್ನೂ ಕಟ್ಟಬೇಕು. ಇಲ್ಲಿ ಯಂತ್ರಗಳ ಹೆಸರು, ಸಂಖ್ಯೆ, ಐಪಿ ವಿಳಾಸ ಬರೆದ ಒಂದು ಪುಟ್ಟ ಫೈಲನ್ನು ಎಲ್ಲ ಕಡೆ ಇಟ್ಟರೆ ಸಾಕು. ಮೂರು ವರ್ಚುವಲ್ ಮಷಿನ್‌ಗಳಿಗೆ ಅರ್ಧ ದಿನದಲ್ಲಿ ಮುಗಿಯಿತು. ಫಾರ್ಮ್ಯಾಟ್ ಮಾಡುವಾಗ ಎಂಟು ಸ್ಲಾಟ್, ಅಂದರೆ ಎಂಟು ಯಂತ್ರಗಳಿಗೆ ಜಾಗ, ಕೊಟ್ಟೆ. ಪ್ರತಿ ಯಂತ್ರಕ್ಕೂ ಅದರದೇ ಜರ್ನಲ್ ಬೇಕಾದ್ದರಿಂದ ಇದು ಮುಖ್ಯ. ಮೆಟಾಡೇಟಾ (ಫೈಲುಗಳ ಬಗೆಗಿನ ಲೆಕ್ಕ) ಕೆಟ್ಟರೆ ಪತ್ತೆಹಚ್ಚುವ ಚೆಕ್‌ಸಮ್ ಸೌಲಭ್ಯವನ್ನೂ ಹಾಕಿಸಿದೆ. ಫೈಲಿನ ಒಳಗಿನ ಡೇಟಾಗೆ ಮಾತ್ರ ಚೆಕ್‌ಸಮ್ ಇಲ್ಲ. ಅದೊಂದು ಕೊರತೆಯೇ.

ಅದರ ಕಾವಲು ನಡೆಯುವ ಬಗೆ ನನಗೆ ಬಹಳ ಹಿಡಿಸಿತು. ಪ್ರತಿ ಯಂತ್ರವೂ ಎರಡು ಸೆಕೆಂಡಿಗೊಮ್ಮೆ ಡಿಸ್ಕಿನಲ್ಲಿ ತನಗೆಂದು ಮೀಸಲಾದ ಜಾಗದಲ್ಲಿ 'ಇದ್ದೇನೆ' ಎಂದು ಗುರುತು ಹಾಕುತ್ತದೆ, ಉಳಿದವರ ಗುರುತುಗಳನ್ನು ಓದುತ್ತದೆ. ಹಾಗೆಯೇ ಬಿಟ್ಟರೆ ಅರವತ್ತು ಸೆಕೆಂಡು ಗುರುತು ಹಾಕಲಾಗದ ಯಂತ್ರ ತನ್ನನ್ನು ತಾನೇ ಮರುಚಾಲನೆ ಮಾಡಿಕೊಳ್ಳಬೇಕು. ಯಾವುದನ್ನು ಈಗ ಯಾರು ಮುಟ್ಟಬಹುದು ಎಂದು ಹೇಳುವ ಲಾಕ್‌ಗಳ ಮಾತುಕತೆ ನೆಟ್‌ವರ್ಕಿನ ಮೇಲೆ, 7777ನೆಯ ಪೋರ್ಟಿನಲ್ಲಿ ನಡೆಯುತ್ತದೆ. ಅಲ್ಲಿ ಮೂವತ್ತು ಸೆಕೆಂಡು ಮೌನವಾದರೆ, ಬಹುಮತ ಯಾರ ಕಡೆ ಎಂಬ ಲೆಕ್ಕ ಶುರು. ಬಹುಮತ ಕಳೆದುಕೊಂಡವನು ಸಾಯುತ್ತಾನೆ. ಅನುಮಾನ ಬಂದಾಗ ಬರೆಯುವುದಕ್ಕಿಂತ ಸಾಯುವುದು ಮೇಲು ಎಂದು ಎದೆ ತಟ್ಟಿ ಹೇಳುವ ಸಾಫ್ಟ್‌ವೇರ್ ಅಪರೂಪ.

ಮೊದಲ ಸಾವು ಹಾಗೆಯೇ ಆಯಿತು. ಸ್ಟೋರೇಜ್ ದಾರಿ ಒಂದು ಯಂತ್ರಕ್ಕೆ ಮಾತ್ರ ಕಟ್ಟಿಕೊಂಡಿತ್ತು. ಅದು ಬಿದ್ದಿತು, ಉಳಿದೆರಡು ಅದರ ಜರ್ನಲ್ ಓದಿ ಕೆಲಸ ಮುಂದುವರಿಸಿದವು. ಎರಡನೆಯದಕ್ಕೆ ನಾನೇ ಕಾರಣ: ಫೈರ್‌ವಾಲ್ ನಿಯಮ ಬದಲಿಸುವಾಗ 7777 ಮುಚ್ಚಿಹೋಗಿತ್ತು. ಮೂರನೆಯ ಸಲ ನೆಟ್‌ವರ್ಕ್ ಸ್ವಿಚ್ ಮರುಚಾಲನೆಯಾಯಿತು, ಅದು ಏಳಲು ಒಂದು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಮೂವರೂ ಒಂಟಿಯಾದರು, ಯಾರಿಗೂ ಬಹುಮತವಿಲ್ಲ, ಮೂವರೂ ಒಟ್ಟಿಗೆ ಸತ್ತರು. ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಆ ರಾತ್ರಿ ನನಗೆ ಹಾಗೆ ಅನ್ನಿಸಲಿಲ್ಲ. ಈಗ ಕಾಯುವ ಅವಧಿಯನ್ನು ಸ್ವಿಚ್‌ಗಿಂತ ಉದ್ದ ಮಾಡಿದ್ದೇನೆ. ಎರಡೇ ಯಂತ್ರಗಳಿದ್ದರಂತೂ ಇನ್ನೊಂದು ವಿಚಿತ್ರ: ನಡುವಿನ ಸಂಪರ್ಕ ಕಡಿದರೆ ಚಿಕ್ಕ ಸಂಖ್ಯೆಯದು ಉಳಿಯುತ್ತದೆ, ದೊಡ್ಡದು ಸಾಯುತ್ತದೆ. ಕೇಬಲ್ ಕಳಚಿದ್ದು ಚಿಕ್ಕದರದ್ದೇ ಆಗಿದ್ದರೂ!

ಇನ್ನು ನಾಲ್ಕನೆಯದು. ಬ್ಯಾಕಪ್‌ಗೆಂದು ಒಂದು ವರ್ಚುವಲ್ ಮಷಿನ್ನಿನ ಮೆಮೊರಿಸಹಿತ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪೂರ್ತಿ ಪ್ರತಿ, ತೆಗೆದೆ. ಅಷ್ಟು ಹೊತ್ತು ವರ್ಚುವಲ್ ಮಷಿನ್‌ಗಳನ್ನು ನಡೆಸುವ ಹೈಪರ್‌ವೈಸರ್ ಅದನ್ನು ತಡೆದು ನಿಲ್ಲಿಸಿತ್ತು, ಸುಮಾರು ತೊಂಬತ್ತು ಸೆಕೆಂಡು. ಉಳಿದ ಎರಡು ಯಂತ್ರಗಳು ಅದು ಸತ್ತಿತೆಂದು ತೀರ್ಮಾನಿಸಿ, ಅದರ ಜರ್ನಲ್ ಇಳಿಸಿ, ಲಾಕ್‌ಗಳನ್ನು ಹಂಚಿಕೊಂಡವು. ಆಮೇಲೆ ಹೆಣ ಎದ್ದು ಕೂತಿತು. ನಿಂತಿದ್ದ ಯಂತ್ರದ ಒಳಗಿನ ಗಡಿಯಾರವೂ ನಿಂತಿತ್ತು. ತೊಂಬತ್ತು ಸೆಕೆಂಡು ಕಳೆದದ್ದು ಅದಕ್ಕೆ ಗೊತ್ತೇ ಇಲ್ಲ. ಲಾಕ್‌ಗಳು ಇನ್ನೂ ತನ್ನ ಕೈಯಲ್ಲಿವೆ ಎಂಬ ನಂಬಿಕೆಯಲ್ಲಿ ಅದು ಕಣ್ಣು ಬಿಟ್ಟಿತು. ಸಂಪರ್ಕಗಳು ಮುರಿದಿರುವುದನ್ನು ಕಂಡು ಕ್ಷಮೆ ಕೇಳಿ ಸತ್ತದ್ದು ನಿಜ, ಆದರೆ ಎಚ್ಚರವಾದ ಕ್ಷಣಕ್ಕೂ ಸತ್ತ ಕ್ಷಣಕ್ಕೂ ನಡುವೆ ಒಂದು ಸಂದಿ ಇತ್ತು. ಆ ಸಂದಿಯಲ್ಲಿ ಅದು ಬರೆಯಬಹುದಿತ್ತು. ಮೂರೂ ಕಡೆ ಅನ್‌ಮೌಂಟ್ ಮಾಡಿ ಎಫ್‌ಎಸ್‌ಸಿಕೆ ಓಡಿಸಿದೆ. ಒಂದೂ ದೋಷ ಸಿಗಲಿಲ್ಲ. ಆ ಹೊತ್ತಿಗೆ ಆ ಯಂತ್ರಕ್ಕೆ ಬರೆಯುವ ಕೆಲಸವೇ ಇರಲಿಲ್ಲ, ಅಷ್ಟೆ.

ಓಸಿಎಫ್‌ಎಸ್2ನ ಮೇಲೆ ನನ್ನ ನಿಜವಾದ ತಕರಾರು ಇದೊಂದೇ. ಆತ್ಮಹತ್ಯೆಯ ಮೇಲೆ ನಿಂತ ಕಾವಲು, ಆತ್ಮಹತ್ಯೆ ಮಾಡಿಕೊಳ್ಳಲು ಯಂತ್ರಕ್ಕೆ ಪ್ರಜ್ಞೆ ಇರುತ್ತದೆ ಎಂದು ನಂಬಿದೆ. ವರ್ಚುವಲ್ ಮಷಿನ್ನಿನ ಪ್ರಜ್ಞೆಯೋ, ಹೈಪರ್‌ವೈಸರ್ ಬೇಕೆಂದಾಗ ತೆಗೆಯುತ್ತದೆ, ಬೇಕೆಂದಾಗ ಕೊಡುತ್ತದೆ. ಇಂಥ ಕಡೆ ಹೊರಗಿನವನೊಬ್ಬ ಕೊಲ್ಲಬೇಕು. ಪೇಸ್‌ಮೇಕರ್ ಮೂಲಕ ಹೈಪರ್‌ವೈಸರ್‌ಗೇ ಹೇಳಿ ಆ ಮಷಿನ್ ಆಫ್ ಮಾಡಿಸಬಹುದು, ಅಥವಾ ಸ್ಕಸಿ-3ರ ಶಾಶ್ವತ ರಿಸರ್ವೇಶನ್ ಬಳಸಿ ಅದರ ಬರಹವನ್ನು ಡಿಸ್ಕೇ ತಿರಸ್ಕರಿಸುವಂತೆ ಮಾಡಬಹುದು. ಸೋಮಾರಿತನದಿಂದ ತಪ್ಪಿಸಿಕೊಂಡಿದ್ದ ಪೇಸ್‌ಮೇಕರ್‌ನ ಬಾಗಿಲಿಗೇ ನಾನು ಮತ್ತೆ ಹೋಗಿ ನಿಂತೆ. ಪುಣ್ಯಕ್ಕೆ ಓಸಿಎಫ್‌ಎಸ್2 ಅದರ ಕೆಳಗೂ ಓಡುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಫೈಲುಗಳಿಗೆ ತೊಂದರೆಯಿಲ್ಲ. ಮೂರೂ ಯಂತ್ರಗಳು ಒಂದೇ ಡೈರೆಕ್ಟರಿಯಲ್ಲಿ ಸಣ್ಣ ಫೈಲ್ ಬರೆದರೆ ಲಾಕ್ ಚೆಂಡಿನಂತೆ ಕೈಯಿಂದ ಕೈಗೆ ಹಾರುತ್ತದೆ, ಎಲ್ಲವೂ ತೆವಳುತ್ತದೆ. ಒಂದೊಂದಕ್ಕೆ ಒಂದೊಂದು ಉಪಡೈರೆಕ್ಟರಿ ಕೊಟ್ಟ ಮೇಲೆ ದೂರು ನಿಂತಿತು.

ಇದನ್ನು ಓದಿ ಪ್ರಯತ್ನಿಸಲು ಹೊರಟವರು ಫೈಲ್‌ಸಿಸ್ಟಮ್‌ಗಿಂತ ಕೆಳಗಿನ ಪದರವನ್ನು ಮೊದಲು ನೋಡಿ. ಹಂಚಿಕೊಂಡ ಡಿಸ್ಕ್ 'ರಾ' (ಒಳಲೆಕ್ಕವಿಲ್ಲದ, ಹಸಿ) ರೂಪದ್ದೇ ಆಗಿರಬೇಕು. ಕ್ಯೂಕೌ2 ಎಂಬ ಇನ್ನೊಂದು ಡಿಸ್ಕ್ ರೂಪಕ್ಕೆ ತನ್ನದೇ ಒಳಲೆಕ್ಕವಿದೆ. ಇಬ್ಬರು ಬರೆದರೆ ಮೇಲೆ ಎಂಥ ಫೈಲ್‌ಸಿಸ್ಟಮ್ ಇದ್ದರೂ ಅದು ಕೆಡುತ್ತದೆ. ಯಂತ್ರಗಳು ಬೇರೆ ಬೇರೆ ಹೋಸ್ಟ್‌ಗಳಲ್ಲಿದ್ದರೆ (ಅವನ್ನು ಹೊತ್ತ ನಿಜ ಯಂತ್ರಗಳೇ ಹೋಸ್ಟ್‌ಗಳು) ಹೋಸ್ಟ್‌ನ ಕ್ಯಾಶ್ ಬಂದ್ ಮಾಡಿ, ಇಲ್ಲದಿದ್ದರೆ ಒಬ್ಬರು ಬರೆದದ್ದರ ಹಳೆಯ ಪ್ರತಿಯನ್ನು ಇನ್ನೊಬ್ಬರು ಓದುತ್ತಾರೆ. ಎರಡನೆಯ ಮಷಿನ್ ಡಿಸ್ಕ್ ತೆರೆಯಲು ಹೊರಟಾಗ ವರ್ಚುವಲ್ ಮಷಿನ್ ಓಡಿಸುವ ಕ್ಯೂಇಮು ಲಾಕ್ ತೋರಿಸಿ ತಡೆದರೆ, ಅದನ್ನು ದಾಟುವ ಆಯ್ಕೆ ಹುಡುಕುವ ಮುಂಚೆ ಒಂದು ನಿಮಿಷ ಯೋಚಿಸಿ. ಎಲ್ಲ ಮಷಿನ್‌ಗಳೂ ಒಂದೇ ಹೋಸ್ಟ್‌ನಲ್ಲಿದ್ದರೆ ಹೋಸ್ಟ್‌ನ ಡೈರೆಕ್ಟರಿಯನ್ನೇ ಹಂಚುವ ವರ್ಟಿಯೋ-ಎಫ್‌ಎಸ್, ಬರೀ ಫೈಲ್ ಹಂಚಿಕೆ ಸಾಕೆಂದರೆ ನೆಟ್‌ವರ್ಕಿನ ಮೂಲಕ ಹಂಚುವ ಎನ್‌ಎಫ್‌ಎಸ್. ಅಂಥವರು ಇಷ್ಟೆಲ್ಲ ಕಷ್ಟ ಪಡಬೇಕಾಗಿಲ್ಲ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ನನ್ನ ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಸಾಲು ಈಗ ಅನ್‌ಮೌಂಟ್. ಅದು ವಿಫಲವಾದರೆ ಆ ರಾತ್ರಿ ಸ್ನ್ಯಾಪ್‌ಶಾಟ್ ಇಲ್ಲ.